ಡೀಸೆಲ್, ಪೆಟ್ರೋಲ್: ಊರಿಗೊಂದು ದರ ಏಕೆ?

ಸಂಘದ ಕಚೇರಿಗೆ ಬರುವ ಸದಸ್ಯ ಬಂಧುಗಳು ಗೊಬ್ಬರದ ದರ, ಮೈಲುತುತ್ತದ ದರ ವಿಚಾರಿಸಿ ಮುಗಿಸಿದ ಮೇಲೆ ತಪ್ಪದೆ ಎತ್ತುವ ಇನ್ನೊಂದು ಪ್ರಸ್ತಾಪ ಡೀಸೆಲ್ಲಿನದು. ಮಂಗಳೂರಿನಲ್ಲಿ ತುಂಬಿಸಿದರೆ ಒಂದು ದರ, ಘಟ್ಟ ಹತ್ತಿ ಬಂದರೆ ಇನ್ನೊಂದು, ಗಡಿ ದಾಟಿ ಕಾಸರಗೋಡಿಗೆ ಹೋದರೆ ಮತ್ತೊಂದು. ಪೆಟ್ರೋಲಿಗೂ ಡೀಸೆಲ್ಲಿಗೂ ಇರುವ ಅಂತರವಾದರೂ ಎಲ್ಲ ಕಡೆ ಒಂದೇ ಆಗಿದೆಯೇ ಎಂದರೆ ಅದೂ ಇಲ್ಲ. ಬಂಕಿನವರ ಮೇಲೆ ಗುಮಾನಿ ಪಡುವವರುಂಟು, ಸರ್ಕಾರವನ್ನು ಬಯ್ಯುವವರುಂಟು. ಯಾವ ಸರ್ಕಾರವನ್ನು ಎಂದು ಕೇಳಿದರೆ ಮಾತ್ರ ಉತ್ತರ ಸ್ಪಷ್ಟವಿರುವುದಿಲ್ಲ. ಲಾರಿ ಬಾಡಿಗೆಯ ವಿಷಯ ಮಹಾಸಭೆಯಲ್ಲಿ ಪ್ರತಿ ಸಲವೂ ಕಾವೇರುವುದರಿಂದ, ಈ ದರ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಯುಕ್ತವೆಂದು ನಮಗೆ ತೋರಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಡೀಸೆಲ್ ಸ್ವಭಾವತಃ ಅಗ್ಗದ ಎಣ್ಣೆಯಲ್ಲ. ನಮ್ಮಲ್ಲಿ ಬಹುಮಂದಿ ಹಾಗೆ ತಿಳಿದಿದ್ದಾರೆ. ಪೆಟ್ರೋಲ್ ಕಾರಿನವರ ಎಣ್ಣೆ, ಶುದ್ಧ ಮಾಡಿದ್ದು, ಆದ್ದರಿಂದ ತುಟ್ಟಿ. ಡೀಸೆಲ್ ಒರಟು ಎಣ್ಣೆ, ಆದ್ದರಿಂದ ಸೋವಿ ಎಂಬ ನಂಬಿಕೆ ಹಳೆಯ ಕಾಲದಿಂದ ಉಳಿದುಕೊಂಡು ಬಂದಿದೆ. ತೈಲ ಶುದ್ಧೀಕರಣ ಕಾರ್ಖಾನೆಯ ಬಾಗಿಲಲ್ಲಿ ನೋಡಿದರೆ ಸಂಗತಿಯೇ ಬೇರೆ. 2024ರ ಮಾರ್ಚ್ 15ರಂದು ದೇಶದಾದ್ಯಂತ ಲೀಟರಿಗೆ 2 ರೂಪಾಯಿ ಇಳಿಸಿದ ಮೇಲೆ ದೆಹಲಿಯಲ್ಲಿ ಪೆಟ್ರೋಲ್ 94.72 ರೂ., ಡೀಸೆಲ್ 87.62 ರೂ. ಇತ್ತು. ಇವೆರಡರಿಂದ ಕೇಂದ್ರದ ಅಬಕಾರಿ ಸುಂಕ, ಅಲ್ಲಿನ ಮಾರಾಟ ತೆರಿಗೆ, ಬಂಕಿನವರ ಕಮಿಷನ್ ಇಷ್ಟನ್ನೂ ಕಳೆದರೆ ಉಳಿಯುವ ಮೂಲ ದರ ಪೆಟ್ರೋಲಿಗೆ ಸುಮಾರು 55 ರೂಪಾಯಿ, ಡೀಸೆಲ್ಲಿಗೆ ಸುಮಾರು 56. ಅಂದರೆ ತೆರಿಗೆ ಬೀಳುವ ಮುನ್ನ ಡೀಸೆಲ್ಲೇ ಒಂದು ಕೂದಲಷ್ಟು ಮೇಲು! 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲಂತೂ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡೀಸೆಲ್ ಪೆಟ್ರೋಲನ್ನು ಬಹುದೂರ ಹಿಂದೆ ಹಾಕಿತ್ತು. ಲೋಕದ ಲಾರಿಗಳು, ಹಡಗುಗಳು, ಟ್ರ್ಯಾಕ್ಟರುಗಳು ಎಲ್ಲವೂ ಅದನ್ನೇ ಕುಡಿಯುತ್ತವೆಯಾದ್ದರಿಂದ ಅದಕ್ಕೆ ಗಿರಾಕಿ ಯಾವಾಗಲೂ ಇದ್ದೇ ಇದೆ.

ಹಾಗಾದರೆ ಬಂಕಿನಲ್ಲಿ ಕಾಣುವ ಅಂತರ ಎಲ್ಲಿಂದ ಬಂತು? ಬಹುಪಾಲು ತೆರಿಗೆಯಿಂದ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟೆಂದು ನಿಗದಿಯಾದದ್ದು. 2022ರ ಮೇ 22ರಂದು ಇಳಿಸಿದ ಮೇಲೆ ಅದು ಪೆಟ್ರೋಲಿಗೆ 19.90 ರೂ., ಡೀಸೆಲ್ಲಿಗೆ 15.80 ರೂ. ಆಯಿತು. 2025ರ ಏಪ್ರಿಲಿನಲ್ಲಿ ಎರಡಕ್ಕೂ 2 ರೂಪಾಯಿ ಏರಿಸಿದರೂ ಆ ಸಲದ ಏರಿಕೆಯನ್ನು ತೈಲ ಕಂಪೆನಿಗಳೇ ಭರಿಸಿದ್ದರಿಂದ ಬಂಕಿನ ದರದಲ್ಲಿ ಅದು ಕಾಣಿಸಲಿಲ್ಲ. ಈ ಸುಂಕ ಕನ್ಯಾಕುಮಾರಿಗೂ ಕಾಶ್ಮೀರಕ್ಕೂ ಒಂದೇ. ಆದ್ದರಿಂದ ಊರಿಂದೂರಿಗೆ ದರ ಬೇರೆಯಾಗುವುದಕ್ಕೆ ಇದು ಕಾರಣವಲ್ಲ. ಕಾರಣವಾಗುವುದು ಅದರ ಮೇಲೆ ಕೂರುವ ರಾಜ್ಯದ ಮಾರಾಟ ತೆರಿಗೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್‌ಗಳನ್ನು ಹೊರಗೇ ಇಡಲಾಯಿತು. 2021ರ ಸೆಪ್ಟೆಂಬರಿನಲ್ಲಿ ಲಖನೌದಲ್ಲಿ ಕೂಡಿದ ಜಿಎಸ್‌ಟಿ ಮಂಡಳಿಯಲ್ಲಿ ವಿಷಯ ಚರ್ಚೆಗೆ ಬಂದರೂ, ಇನ್ನೂ ಕಾಲ ಬಂದಿಲ್ಲವೆಂದು ಬದಿಗಿಟ್ಟರು. ರಾಜ್ಯಗಳ ಕೈಯಲ್ಲಿ ಉಳಿದಿರುವ ದೊಡ್ಡ ಆದಾಯದ ಬಾಬುಗಳಲ್ಲಿ ಇದೊಂದು. ಸುಲಭವಾಗಿ ಬಿಟ್ಟುಕೊಡುವರೆಂದು ನಿರೀಕ್ಷಿಸುವಂತಿಲ್ಲ.

ರಾಜ್ಯದ ತೆರಿಗೆ ಬಹುತೇಕ ಕಡೆ ಶೇಕಡಾವಾರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ ಈ ಶೇಕಡಾವಾರು ಲೆಕ್ಕ ಎಣ್ಣೆಯ ಮೂಲ ಬೆಲೆಗೆ ಮಾತ್ರವಲ್ಲ, ಕೇಂದ್ರದ ಸುಂಕವನ್ನೂ ಸೇರಿಸಿದ ಮೊತ್ತಕ್ಕೆ. ತೆರಿಗೆಯ ಮೇಲೆ ತೆರಿಗೆ ಎನ್ನುವುದು ಇದಕ್ಕೇ. ಕಚ್ಚಾ ತೈಲ ಏರಿ ಮೂಲ ಬೆಲೆ ಏರಿದರೆ, ರಾಜ್ಯದವರು ಏನೂ ಮಾಡದೆ ಸುಮ್ಮನಿದ್ದರೂ ಅವರ ಪಾಲು ತಾನಾಗಿ ಏರುತ್ತದೆ.

ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳೋಣ. 2021ರ ನವೆಂಬರಿಗೆ ಮುಂಚೆ ಕರ್ನಾಟಕದ ತೆರಿಗೆ ಪೆಟ್ರೋಲಿಗೆ ಶೇ. 35, ಡೀಸೆಲ್ಲಿಗೆ ಶೇ. 24 ಇತ್ತು. ಆ ನವೆಂಬರಿನಲ್ಲಿ ಕೇಂದ್ರ ತನ್ನ ಸುಂಕ ಇಳಿಸಿದಾಗ ರಾಜ್ಯವೂ ಇಳಿಸಿ, ಡೀಸೆಲ್ಲಿನ ತೆರಿಗೆ ಶೇ. 14.34ಕ್ಕೆ ಬಂತು. 2024ರ ಜೂನ್ 15ರಂದು ಅದು ಶೇ. 18.44ಕ್ಕೆ ಏರಿತು, ಪೆಟ್ರೋಲಿನದು ಶೇ. 25.92ರಿಂದ 29.84ಕ್ಕೆ. ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಮೇಲಾದವು. 2025ರ ಏಪ್ರಿಲ್ 1ರಂದು ಪೆಟ್ರೋಲನ್ನು ಮುಟ್ಟದೆ ಡೀಸೆಲ್ಲೊಂದನ್ನೇ ಶೇ. 21.17ಕ್ಕೆ ಏರಿಸಲಾಯಿತು. ಬೆಂಗಳೂರಿನಲ್ಲಿ ಡೀಸೆಲ್ 91.02 ರೂ. ಆಯಿತು. ಅದರಲ್ಲಿ ರಾಜ್ಯದ ಪಾಲು ಹದಿನೈದೂವರೆ ರೂಪಾಯಿಯ ಆಸುಪಾಸು. ಹತ್ತು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ 14 ರೂಪಾಯಿ ಅಂತರವಿದ್ದದ್ದು ಈಗ 12ಕ್ಕೆ ಇಳಿಯಿತು. ಕಾರು, ಸ್ಕೂಟರಿನವರಿಗೆ ಈ ಎರಡನೆಯ ಏರಿಕೆ ತಟ್ಟಲೇ ಇಲ್ಲ. ಲಾರಿ, ಟ್ರ್ಯಾಕ್ಟರು, ನೀರಿನ ಎಂಜಿನ್ ಇಟ್ಟುಕೊಂಡವರಿಗೆ ತಟ್ಟಿತು. ಪತ್ರಿಕೆಗಳಲ್ಲಿ ಇದರ ಬಗ್ಗೆ ಹೆಚ್ಚು ಗದ್ದಲವಾಗದಿದ್ದುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಏರಿಸಿದ ಮೇಲೂ ಕರ್ನಾಟಕದ ಡೀಸೆಲ್ ದಕ್ಷಿಣದ ನೆರೆಯವರಿಗಿಂತ ಕೆಳಗೇ ಇತ್ತು. ಆಗ ಕಾಸರಗೋಡಿನಲ್ಲಿ 95 ರೂ. ದಾಟಿತ್ತು, ಹೊಸೂರಿನಲ್ಲಿ 94 ರೂ. ದಾಟಿತ್ತು. ಕೇರಳದಲ್ಲಿ ಪೆಟ್ರೋಲಿಗೆ ಶೇ. 30.08, ಡೀಸೆಲ್ಲಿಗೆ ಶೇ. 22.76 ತೆರಿಗೆ, ಅದರ ಮೇಲೆ ಲೀಟರಿಗೆ 1 ರೂ. ಹೆಚ್ಚುವರಿ ತೆರಿಗೆ, ಸೆಸ್ಸು. ಸಾಲದ್ದಕ್ಕೆ 2023ರ ಏಪ್ರಿಲ್ 1ರಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ 2 ರೂಪಾಯಿ. ತಮಿಳುನಾಡಿನ ಕ್ರಮ ಮತ್ತೊಂದು ಬಗೆ. ಅಲ್ಲಿ ಪೆಟ್ರೋಲಿಗೆ ಶೇ. 13 ಮತ್ತು ಲೀಟರಿಗೆ 11.52 ರೂ.; ಡೀಸೆಲ್ಲಿಗೆ ಶೇ. 11 ಮತ್ತು 9.62 ರೂ. ಎರಡು ಎಣ್ಣೆಗಳ ತೆರಿಗೆ ಹತ್ತಿರ ಹತ್ತಿರವೇ ಇರುವುದರಿಂದ ಚೆನ್ನೈಯಲ್ಲಿ ಪೆಟ್ರೋಲ್, ಡೀಸೆಲ್‌ಗಳ ಅಂತರ ಎಂಟು ರೂಪಾಯಿ ಚಿಲ್ಲರೆ. ಮುಂಬಯಿಯಲ್ಲಿ 2024ರ ಜುಲೈನ ಹೊಸ ದರದಂತೆ ಹದಿಮೂರೂವರೆ. ದೆಹಲಿಯಲ್ಲಿ ಏಳು. ದೆಹಲಿಯ ಅಂತರ ಕಿರಿದಾದ್ದು ಡೀಸೆಲ್ ತುಟ್ಟಿಯಾದ್ದರಿಂದಲ್ಲ, ಅಲ್ಲಿ ಪೆಟ್ರೋಲಿನ ತೆರಿಗೆಯೇ ಕಡಿಮೆಯಾದ್ದರಿಂದ. ಹೀಗಾಗಿ ಅಂತರವನ್ನಷ್ಟೇ ನೋಡಿ, ಆ ಊರಿನಲ್ಲಿ ಡೀಸೆಲ್ ಅಗ್ಗ, ಈ ಊರಿನಲ್ಲಿ ತುಟ್ಟಿ ಎಂದು ತೀರ್ಮಾನಿಸುವಂತಿಲ್ಲ.

ತೆರಿಗೆ ಒಂದರಿಂದಲೇ ಡೀಸೆಲ್ ಪೆಟ್ರೋಲನ್ನು ಮೀರಿಸಿದ ಪ್ರಸಂಗವೂ ನಮ್ಮ ದೇಶದಲ್ಲಿ ನಡೆದಿದೆ. 2020ರ ಮೇ ತಿಂಗಳಲ್ಲಿ ದೆಹಲಿ ಸರ್ಕಾರ ಡೀಸೆಲ್ಲಿನ ತೆರಿಗೆಯನ್ನು ಶೇ. 16.75ರಿಂದ ಒಮ್ಮೆಲೇ ಶೇ. 30ಕ್ಕೆ ಒಯ್ದಿತು. ಕೇಂದ್ರವೂ ಅದೇ ಹೊತ್ತಿಗೆ ಪೆಟ್ರೋಲಿಗೆ 10, ಡೀಸೆಲ್ಲಿಗೆ 13 ರೂಪಾಯಿ ಸುಂಕ ಏರಿಸಿತ್ತು. ಜೂನ್ 24ರಂದು ದೆಹಲಿಯಲ್ಲಿ ಪೆಟ್ರೋಲ್ 79.76 ರೂ., ಡೀಸೆಲ್ 79.88 ರೂ. ಆಯಿತು. ಜುಲೈ ಕೊನೆಯಲ್ಲಿ ತೆರಿಗೆಯನ್ನು ಮೊದಲಿನ ಮಟ್ಟಕ್ಕೆ ತಂದಾಗ ಡೀಸೆಲ್ ಒಂದೇ ದಿನ 8.36 ರೂ. ಇಳಿದು 73.64 ರೂ.ಗೆ ನಿಂತಿತು. ಆ ದಿನ ಕಚ್ಚಾ ತೈಲದಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಏನೂ ಬದಲಾಗಿರಲಿಲ್ಲ. ಒಡಿಶಾದಲ್ಲಿ ಎರಡೂ ಎಣ್ಣೆಗಳಿಗೆ ಒಂದೇ ಪ್ರಮಾಣದ ತೆರಿಗೆಯಿದ್ದದ್ದರಿಂದ 2018ರ ಅಕ್ಟೋಬರಿನಲ್ಲೇ ಭುವನೇಶ್ವರದಲ್ಲಿ ಡೀಸೆಲ್ ಕೆಲವು ಪೈಸೆ ಮೇಲಾಗಿತ್ತು. ಅಮೆರಿಕದಲ್ಲಿ ಇದು ವಿಶೇಷವೇ ಅಲ್ಲ. ಅಲ್ಲಿ ಕೇಂದ್ರದ ತೆರಿಗೆ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್ಲಿಗೆ 24.4 ಸೆಂಟ್ ಎಂದು ದಶಕಗಳಿಂದ ನಡೆದುಬಂದದ್ದು. ರಸ್ತೆ ಸವೆಸುವುದು ಲಾರಿಯಾದ್ದರಿಂದ ಲಾರಿಯ ಎಣ್ಣೆಯೇ ಹೆಚ್ಚು ಕೊಡಲಿ ಎಂಬ ಧೋರಣೆ.

ನಮ್ಮಲ್ಲಿ ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲವೊಂದಿತ್ತು, ಅದನ್ನು ಹಿರಿಯ ಸದಸ್ಯರು ಮರೆತಿಲ್ಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73.18 ರೂ., ಡೀಸೆಲ್ 40.91 ರೂ. ಪೆಟ್ರೋಲ್ ದರದ ಹತೋಟಿಯನ್ನು 2010ರ ಜೂನಿನಲ್ಲೇ ತೆಗೆದಿದ್ದರು. ಡೀಸೆಲ್ಲನ್ನು ಸರ್ಕಾರ ಹಿಡಿದಿಟ್ಟುಕೊಂಡಿತ್ತು. 2014ರ ಅಕ್ಟೋಬರಿನಲ್ಲಿ ಅದನ್ನೂ ಬಿಟ್ಟರು. ಆ ದಿನಗಳ ಲೆಕ್ಕ ಇಟ್ಟುಕೊಂಡು ಈಗಲೂ ಡೀಸೆಲ್ ಜೀಪೇ ಲಾಭ ಎನ್ನುವವರು ಒಮ್ಮೆ ಹೊಸದಾಗಿ ಲೆಕ್ಕ ಹಾಕುವುದೊಳ್ಳೆಯದು. ಡೀಸೆಲ್ ಎಂಜಿನ್ ಒಂದು ಲೀಟರಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ ನಿಜ. ಆದರೆ ಎಂಜಿನ್ನಿನ ಬೆಲೆ, ರಿಪೇರಿಯ ಖರ್ಚು ಎರಡೂ ಹೆಚ್ಚು. ವರ್ಷಕ್ಕೆ ನಾಲ್ಕು ದಿನ ಬೋರ್ಡೋ ಹೊಡೆಯುವ ಸ್ಪ್ರೇಯರಿಗೆ ಪೆಟ್ರೋಲ್ ಎಂಜಿನ್ ಸಾಕು. ಬೇಸಗೆಯುದ್ದಕ್ಕೂ ಅಡಿಕೆ ತೋಟಕ್ಕೆ ನೀರೆತ್ತುವ ಪಂಪಿಗೆ ಸಾಲದು.

ಇನ್ನು ರಾಜ್ಯದ ಒಳಗೇ ಏಕೆ ದರ ಬೇರೆ? ತೆರಿಗೆ ಒಂದೇ ಆದರೂ ಸಾಗಾಣಿಕೆ ಬೇರೆ. ಮಂಗಳೂರಿನ ಎಂಆರ್‌ಪಿಎಲ್ ಕಾರ್ಖಾನೆ ನಮ್ಮ ರಾಜ್ಯದ ತೈಲದ ಮುಖ್ಯ ಮೂಲ. ಅಲ್ಲಿಂದ ಬೆಂಗಳೂರಿನ ಪಕ್ಕದ ದೇವನಗೊಂದಿಯವರೆಗೆ ಹಾಸನದ ಮೇಲೆ ಹಾಯುವ 362 ಕಿಲೋಮೀಟರಿನ ಕೊಳವೆ ಮಾರ್ಗವೊಂದಿದೆ; ನೆಲದ ಕೆಳಗೇ ಘಟ್ಟ ಹತ್ತುವಂಥದು, 2003ರಲ್ಲಿ ಚಾಲೂ ಆದದ್ದು. ನೆರಿಯದಲ್ಲಿ ನಡುವಿನ ಪಂಪಿಂಗ್ ಠಾಣೆ, ಹಾಸನದಲ್ಲಿ ಡಿಪೋ. ಕೊಳವೆಯಲ್ಲಿ ಸಾಗಿಸುವ ಖರ್ಚು ಕಡಿಮೆ, ಟ್ಯಾಂಕರಿನಲ್ಲಿ ಹೆಚ್ಚು. ಆದ್ದರಿಂದಲೇ ಮಂಗಳೂರಿನಲ್ಲಿ ದರ ಎಲ್ಲಕ್ಕಿಂತ ಇಳಿಮುಖ. ಅಷ್ಟು ದೂರದ ಬೆಂಗಳೂರಿನಲ್ಲಿ ಅದಕ್ಕಿಂತ ತುಸುವೇ ಹೆಚ್ಚು. ನಡುವಿನ ಚಿಕ್ಕಮಗಳೂರು, ಶಿವಮೊಗ್ಗದ ಕಡೆ ಬೆಂಗಳೂರಿಗಿಂತಲೂ ಹೆಚ್ಚು. "ಎಣ್ಣೆ ನಮ್ಮ ತೋಟದ ಪಕ್ಕದಲ್ಲೇ ಹರಿದು ಹೋಗುತ್ತದೆ, ನಮಗೇ ತುಟ್ಟಿ" ಎಂದು ಸಕಲೇಶಪುರದ ಕಡೆಯ ಬೆಳೆಗಾರರು ಗೊಣಗುವುದರಲ್ಲಿ ಅರ್ಥವಿಲ್ಲದಿಲ್ಲ. ಆದರೆ ಕೊಳವೆಗೆ ನಲ್ಲಿಯಿರುವುದು ಡಿಪೋದಲ್ಲಿ ಮಾತ್ರ. ಅಲ್ಲಿಂದ ಬಂಕಿಗೆ ಟ್ಯಾಂಕರಿನಲ್ಲೇ ಬರಬೇಕು. 12 ಸಾವಿರ ಲೀಟರಿನ ಟ್ಯಾಂಕರಿಗೆ ಒಂದು ಟ್ರಿಪ್ಪಿಗೆ 6,000 ರೂ. ಬಾಡಿಗೆ ಎಂದಿಟ್ಟುಕೊಂಡರೆ ಲೀಟರಿಗೆ 50 ಪೈಸೆ ಬಿತ್ತು.

ಹೀಗೆ ಜಿಲ್ಲೆ ಜಿಲ್ಲೆಗಳ ನಡುವಿನ ವ್ಯತ್ಯಾಸ ಪೈಸೆಗಳಲ್ಲಿ, ಹೆಚ್ಚೆಂದರೆ ಒಂದೆರಡು ರೂಪಾಯಿಗಳಲ್ಲಿ. ರಾಜ್ಯ ರಾಜ್ಯಗಳ ನಡುವಿನದು ನಾಲ್ಕು, ಐದು ರೂಪಾಯಿ. ಮೊದಲನೆಯದು ದೂರದ ಫಲ, ಎರಡನೆಯದು ತೆರಿಗೆಯ ಫಲ. ಒಡಿಶಾದ ಮಲ್ಕಾನ್‌ಗಿರಿಯಂಥ ಮೂಲೆಯ ಊರುಗಳಲ್ಲಿ ದೂರವೇ ದೊಡ್ಡ ಹೊರೆಯಾಗಿತ್ತು. 2024ರ ಅಕ್ಟೋಬರ್ ಕೊನೆಯಲ್ಲಿ ತೈಲ ಕಂಪೆನಿಗಳು ರಾಜ್ಯದೊಳಗಿನ ಸಾಗಾಣಿಕೆ ವೆಚ್ಚವನ್ನು ಹೊಸದಾಗಿ ಹಂಚಿದಾಗ ಅಲ್ಲಿ ಲೀಟರಿಗೆ 4 ರೂಪಾಯಿಗೂ ಮಿಕ್ಕಿ ಇಳಿಯಿತು. ಬಂಕಿನವರ ಕಮಿಷನ್ ಕಂಪೆನಿಗಳೇ ಗೊತ್ತುಮಾಡಿದ್ದು; ಡೀಸೆಲ್ಲಿಗೆ ಲೀಟರಿಗೆ ಮೂರು ರೂಪಾಯಿಯ ಆಸುಪಾಸು. ದರವನ್ನು ಬಂಕಿನವರು ತಮ್ಮ ಇಷ್ಟದಂತೆ ಏರಿಸುವಂತಿಲ್ಲ. ಅಳತೆಯ ಬಗ್ಗೆ ಅನುಮಾನವಿದ್ದರೆ ಐದು ಲೀಟರಿನ ಮುದ್ರೆಯ ಅಳತೆ ಪಾತ್ರೆ ತರಿಸಿ ಅಳೆಸುವ ಹಕ್ಕು ಗಿರಾಕಿಗಿದೆ. ದರದ ಬಗ್ಗೆ ಅವರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ಗಡಿ ದಾಟಿ ತುಂಬಿಸಿಕೊಂಡು ಬರುವ ಪದ್ಧತಿ ಹಳೆಯದು. ಕಾಸರಗೋಡಿನ ವಾಹನಗಳು ತಲಪಾಡಿಯ ಈಚೆಗೆ ಬಂದು ತುಂಬಿಸುತ್ತವೆ. ಕೊಡಗಿನಿಂದ ಮಾಕುಟ್ಟ ಇಳಿದು ತಲಶ್ಶೇರಿಯ ಕಡೆ ಹೋದವರು ಪುದುಚೇರಿ ಆಡಳಿತಕ್ಕೆ ಸೇರಿದ ಮಾಹೆಯಲ್ಲಿ ಬಂಕುಗಳ ಸಾಲನ್ನೇ ಕಂಡಿರುತ್ತಾರೆ. ಆ ಪುಟ್ಟ ಊರಿಗೆ ಅಷ್ಟು ಬಂಕುಗಳ ಅಗತ್ಯ ಖಂಡಿತ ಇಲ್ಲ. ಸುತ್ತಲ ಕೇರಳದ ತೆರಿಗೆಯೇ ಅವನ್ನು ಸಾಕುತ್ತಿದೆ. ದಾರಿಯಲ್ಲಿ ಹೋಗುವಾಗ ತುಂಬಿಸಿದರೆ ಲಾಭ. ಅದಕ್ಕೆಂದೇ ಹೊರಟರೆ? ಲೀಟರಿಗೆ 4 ರೂ. ಉಳಿತಾಯವೆಂದರೂ 40 ಲೀಟರಿನ ಟ್ಯಾಂಕಿಗೆ 160 ರೂ.; ಮೂವತ್ತು ಕಿಲೋಮೀಟರು ಹೆಚ್ಚಿಗೆ ಓಡಿಸಿದರೆ ಜೀಪು ಅದಕ್ಕಿಂತ ಹೆಚ್ಚನ್ನು ಕುಡಿದಿರುತ್ತದೆ. ದರ ಏರುವ ಸುದ್ದಿ ಬಂದೊಡನೆ ಡ್ರಮ್ಮುಗಳಲ್ಲಿ ತುಂಬಿಡುವವರಿಗೂ ಒಂದು ಸೂಚನೆ. ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸಿಲ್ಲದೆ ಒಟ್ಟು 30 ಲೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಡೀಸೆಲ್ಲಿಗೆ ಮಿತಿ 2,500 ಲೀಟರ್, ಒಂದು ಪಾತ್ರೆಯಲ್ಲಿ 1,000 ಲೀಟರ್ ಮೀರಬಾರದು. ಕಾನೂನು ಬಿಟ್ಟರೂ ಮಲೆನಾಡಿನ ಮಳೆಗಾಲ ಬಿಡುವುದಿಲ್ಲ. ಅರ್ಧ ಖಾಲಿ ಡ್ರಮ್ಮಿನೊಳಗೆ ತೇವ ಕಟ್ಟಿ ಡೀಸೆಲ್ಲಿನ ತಳದಲ್ಲಿ ನೀರು ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲಂತೂ ತೇವವನ್ನು ತಾನೇ ಹೀರಿಕೊಳ್ಳುತ್ತದೆ.

ಈಗ ಲಾರಿ ಬಾಡಿಗೆಯ ಮಾತಿಗೆ ಬರೋಣ. 2024ರ ಜೂನ್ ಮತ್ತು 2025ರ ಏಪ್ರಿಲ್, ಎರಡೂ ಏರಿಕೆ ಸೇರಿ ಡೀಸೆಲ್ಲಿಗೆ 5 ರೂಪಾಯಿ. ಲೀಟರಿಗೆ 4 ಕಿಲೋಮೀಟರು ಓಡುವ ಲಾರಿ ಕ್ಯೂರಿಂಗ್ ವರ್ಕ್ಸಿಗೆ ಹೋಗಿಬರಲು 160 ಕಿಲೋಮೀಟರು ಓಡಿದರೆ 40 ಲೀಟರ್ ಬೇಕು. ಹೆಚ್ಚಾದದ್ದು 200 ರೂ. ಹತ್ತು ಟನ್ನಿನ ಲೋಡೆಂದರೆ 50 ಕಿಲೋದ 200 ಚೀಲ. ಚೀಲಕ್ಕೆ ಬಿದ್ದದ್ದು 1 ರೂಪಾಯಿ. ಟಯರು, ವಿಮೆ, ಚಾಲಕರ ಸಂಬಳ ಏರಿದ್ದು ಬೇರೆ ವಿಷಯ, ಅದನ್ನು ಬೇರೆಯಾಗಿಯೇ ಮಾತಾಡಬಹುದು. ಡೀಸೆಲ್ ಏರಿತೆಂಬ ಒಂದೇ ಕಾರಣ ಹೇಳಿ ಚೀಲಕ್ಕೆ ಐದು ರೂಪಾಯಿ ಕೇಳಿದರೆ ಅದನ್ನು ಒಪ್ಪಬೇಕಾಗಿಲ್ಲ. ಬಾಡಿಗೆಯ ಕರಾರಿನಲ್ಲಿ ಅಂದಿನ ಡೀಸೆಲ್ ದರ, ದೂರ ಮತ್ತು ಲೀಟರಿಗೆ ಎಷ್ಟು ಕಿಲೋಮೀಟರು ಎಂಬ ಮೂರನ್ನೂ ಬರೆದಿಟ್ಟುಕೊಂಡರೆ ಏರಿದಾಗ ಅವರಿಗೂ ಇಳಿದಾಗ ನಮಗೂ ನ್ಯಾಯ ಸಿಗುತ್ತದೆ. ಇಳಿದಾಗ ಬಾಡಿಗೆ ಇಳಿಸಿದವರನ್ನು ನಾವಿನ್ನೂ ಕಂಡಿಲ್ಲ.

ನೀರಾವರಿಯ ಲೆಕ್ಕ ಇದಕ್ಕಿಂತ ಭಾರ. ಹೂಮಳೆ ಕೈಕೊಟ್ಟ ವರ್ಷ ಒಂದು ಎಕರೆ ಕಾಫಿಗೆ ಒಂದು ಅಂಗುಲ ನೀರು ಕೊಡುವುದೆಂದರೆ 1 ಲಕ್ಷ ಲೀಟರಿಗಿಂತ ಹೆಚ್ಚು ನೀರೆತ್ತಬೇಕು. ಹತ್ತು ಎಚ್‌ಪಿ ಡೀಸೆಲ್ ಎಂಜಿನ್ನಿಗೆ ಇದು ಸುಮಾರು ಐದು ಗಂಟೆಯ ಕೆಲಸ. ಗಂಟೆಗೆ ಎರಡು ಲೀಟರಿನಂತೆ ಹತ್ತು ಲೀಟರ್. ಏರು ಹೆಚ್ಚಿದ್ದರೆ ಇನ್ನೂ ಹೆಚ್ಚು. ಐದು ಎಕರೆಗೆ ಒಂದೂವರೆ ಅಂಗುಲವೆಂದರೆ 75 ಲೀಟರ್; ಬೆಂಗಳೂರಿನ 91 ರೂ. ಹಿಡಿದರೂ 6,825 ರೂ. ಇದರಲ್ಲಿ ರಾಜ್ಯದ ತೆರಿಗೆಯೇ 1,160 ರೂಪಾಯಿಯ ಆಸುಪಾಸು. ಹೂ ಅರಳಿದ ಮೇಲೆ ಎರಡನೆಯ ಸಲ ಕೊಡುವವರಿಗೆ, ಅಡಿಕೆಗೆ ಬೇಸಗೆಯಿಡೀ ಕೊಡುವವರಿಗೆ ಇದು ಎಷ್ಟು ಪಟ್ಟಾಗುತ್ತದೆಂದು ಅವರವರೇ ಗುಣಿಸಿಕೊಳ್ಳಲಿ. ಈ ಡೀಸೆಲ್ ರಸ್ತೆಯ ಮೇಲೆ ಒಂದು ಗಜವೂ ಓಡಿದ್ದಲ್ಲ.

ರಸ್ತೆಗೆ ಬಾರದ ಡೀಸೆಲ್ಲಿಗೆ ತೆರಿಗೆ ಬಿಡುವುದು ಹೊಸ ಮಾತೇನಲ್ಲ. ಬ್ರಿಟನ್ನಿನಲ್ಲಿ ಬೇಸಾಯದ ಡೀಸೆಲ್ಲಿಗೆ ಕೆಂಪು ಬಣ್ಣ ಬೆರೆಸಿ ಕಡಿಮೆ ಸುಂಕದಲ್ಲಿ ಕೊಡುತ್ತಾರೆ; 2022ರ ಏಪ್ರಿಲಿನಲ್ಲಿ ಬೇರೆ ಅನೇಕ ಉದ್ಯಮಗಳಿಂದ ಆ ಸೌಲಭ್ಯ ಕಿತ್ತುಕೊಂಡರೂ ಕೃಷಿ, ತೋಟಗಾರಿಕೆಗೆ ಉಳಿಸಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕರಾವಳಿಯ ಮೀನುಗಾರಿಕೆ ದೋಣಿಗಳಿಗೆ ಮಾರಾಟ ತೆರಿಗೆ ಇಲ್ಲದ ಡೀಸೆಲ್ ವರ್ಷಗಳಿಂದ ಸಿಗುತ್ತಾ ಬಂದಿದೆ; 2023-24ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 2 ಲಕ್ಷ ಕಿಲೋಲೀಟರಿಗೆ ಏರಿಸಿದರು. ರೈತರಿಗೂ 2022-23ರ ಬಜೆಟ್ಟಿನಲ್ಲಿ 'ರೈತ ಶಕ್ತಿ' ಎಂಬ ಹೆಸರಿನಲ್ಲಿ ಎಕರೆಗೆ 250 ರೂ.ನಂತೆ ಐದು ಎಕರೆವರೆಗೆ ಡೀಸೆಲ್ ಸಹಾಯಧನ ಘೋಷಣೆಯಾಗಿತ್ತು. ಆದರೆ ಎಕರೆಗೆ ಇಷ್ಟೆಂದು ಕೊಡುವ ಹಣಕ್ಕೂ ಸುಟ್ಟ ಡೀಸೆಲ್ಲಿಗೂ ಸಂಬಂಧವಿರುವುದಿಲ್ಲ. ಎಂಜಿನ್ ಇರುವವರಿಗೂ ಇಲ್ಲದವರಿಗೂ ಒಂದೇ ಮೊತ್ತ.

ದೋಣಿಯವರಿಗೆ ಆದದ್ದು ನಮಗೇಕೆ ಆಗಲಿಲ್ಲ? ದೋಣಿಗೆ ನೋಂದಣಿಯಿದೆ, ಇಲಾಖೆಯ ಪುಸ್ತಕವಿದೆ, ಮೀನುಗಾರರ ಸಹಕಾರ ಸಂಘಗಳ ಬಂಕಿದೆ. ಯಾವ ದೋಣಿಗೆ ಎಷ್ಟು ಹೋಯಿತೆಂದು ಲೆಕ್ಕ ಸಿಗುತ್ತದೆ. ತೋಟದ ಪಂಪಿಗೆ ಹೋದ ಡೀಸೆಲ್ ಯಾವುದು, ಕಾರಿಗೆ ಹೋದದ್ದು ಯಾವುದು ಎಂದು ಕೇಳಿದರೆ ನಮ್ಮ ಬಳಿ ಒಂದು ಚೀಟಿಯೂ ಇರುವುದಿಲ್ಲ. ಮನವಿ ಬರೆಯುವುದು ಸುಲಭ; ಅದರ ಜೊತೆ ಇಡಲು ಅಂಕಿ ಅಂಶ ಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಹೂಮಳೆಯ ಕಾಲದಲ್ಲಿ ಡೀಸೆಲ್ ಕೊಂಡಾಗ ಬಿಲ್ಲು ಬರೆಸಿಕೊಳ್ಳಿ. ಎಂಜಿನ್ನಿನ ಎಚ್‌ಪಿ, ಓಡಿದ ಗಂಟೆ, ನೀರು ಕೊಟ್ಟ ಎಕರೆ, ಸುಟ್ಟ ಲೀಟರ್ ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿ ಏಪ್ರಿಲ್ ಕೊನೆಯೊಳಗೆ ಕಚೇರಿಗೆ ತಲುಪಿಸಿ. ಇದಕ್ಕಾಗಿ ಅಚ್ಚು ಹಾಕಿಸಿದ ನಮೂನೆ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಬರಲಾಗದವರು ಗೊಬ್ಬರ ಒಯ್ಯಲು ಬರುವವರ ಕೈಯಲ್ಲಿ ಕಳಿಸಿದರೂ ಆದೀತು.